ಪುಟ್ಟುವಿನ ಪ್ರಗತಿಪತ್ರ

ಇದು ನಡೆದ ಕಥೆ. ನಡೆದದ್ದಷ್ಟೇ ಅಲ್ಲ, ಓಡಿದ, ಎಡವಿದ, ಕೊನೆಗೆ ಬಿದ್ದು ಬಿದ್ದು ನಕ್ಕ ಕಥೆ. ಇಂಥದ್ದನ್ನು ಒಂದು ಗಾದೆಯಿಂದ ಶುರುಮಾಡುವುದು ಮರ್ಯಾದೆ ಎಂದು ಬಲ್ಲವರು ಹೇಳುತ್ತಾರೆ. ಆದರೆ ನಮ್ಮ ಬೈಂಡರನಿಗೆ ಹೊಂದುವ ಗಾದೆ ಇನ್ನೂ ಯಾರ ಬಾಯಲ್ಲೂ ಹುಟ್ಟಿಲ್ಲ. ಹುಟ್ಟಿ ಅವನ ಕೈಗೆ ಸಿಕ್ಕಿದ್ದರೂ, ಏನು ಬರೆದಿದೆ ಎಂದು ನೋಡದೆ ಅದಕ್ಕೆ ರಟ್ಟು ಹಾಕಿ, ಬೆನ್ನಿಗೆ ಬಟ್ಟೆ ಅಂಟಿಸಿ, ಕಲ್ಲು ಹೇರಿ ಒಣಗಲು ಇಟ್ಟುಬಿಟ್ಟಿರುತ್ತಿದ್ದ.

ಇಪ್ಪತ್ತೆರಡು ವರ್ಷಗಳಿಂದ ಮನೆಯ ಮುಂದಿನ ಕೋಣೆಯಲ್ಲಿ ಪುಸ್ತಕ ಕಟ್ಟುತ್ತಿದ್ದ ಈ ಮನುಷ್ಯನಿಗೆ ಒಂದು ಸಿದ್ಧಾಂತವಿತ್ತು. ಓದುವುದು ಗಿರಾಕಿಯ ಕೆಲಸ, ಎಣಿಸುವುದು ಬೈಂಡರನ ಕೆಲಸ. ಪುಟಸಂಖ್ಯೆ ಸರಿಯಿದ್ದರೆ ಅವನ ಪಾಲಿಗೆ ಜಗತ್ತೇ ಸರಿ. ಒಮ್ಮೆ ಒಬ್ಬ ವಕೀಲರ ಮೊಕದ್ದಮೆಯ ಕಡತವೂ ಒಬ್ಬ ಅಡುಗೆಯವರ ಕೈಬರಹದ ಪುಸ್ತಕವೂ ಒಂದೇ ಮಧ್ಯಾಹ್ನ ಅವನ ಮೇಜಿಗೆ ಬಂದವು. ಎರಡಕ್ಕೂ ನಲವತ್ತೊಂದನೆಯ ಪುಟವಿತ್ತು. ನ್ಯಾಯಾಲಯದಲ್ಲಿ ಎದ್ದು ನಿಂತ ವಕೀಲರು, ಪ್ರತಿವಾದಿಯು ದಿನಾಂಕ ನಾಲ್ಕರಂದು ಬೆಳಿಗ್ಗೆ ಹತ್ತು ಗಂಟೆಗೆ ಎಂದು ಗಂಭೀರವಾಗಿ ಓದಿ, ಪುಟ ತಿರುವಿ, ಚೆನ್ನಾಗಿ ಬೆಂದ ಮೇಲೆ ಮುಚ್ಚಳ ತೆಗೆದು ಸೌಟಿನಿಂದ ಮಗುಚಬೇಕು ಎಂದು ಮುಂದುವರಿಸಿದರಂತೆ. ಮೊಕದ್ದಮೆ ಮುಂದಕ್ಕೆ ಹೋಯಿತು. ಜಗಳಕ್ಕೆ ಬಂದ ವಕೀಲರನ್ನು ಬೈಂಡರ್ ಕೇಳಿದ್ದು ಒಂದೇ ಪ್ರಶ್ನೆ: ಹೊಲಿಗೆ ಬಿಟ್ಟಿದೆಯಾ? ಹೊಲಿಗೆ ಬಿಟ್ಟಿರಲಿಲ್ಲ.

ಇಂಥವನ ಮನೆಯೇ ಒಂದು ಶಾಲೆಯಾಗಿತ್ತು. ಮೂರು ವರ್ಷದ ಹಿಂದೆ ಕಿರಿಯ ಮಗಳು ಕೆಮ್ಮು ಹತ್ತಿ ತಿಂಗಳುಗಟ್ಟಲೆ ಮನೆಯಲ್ಲೇ ಉಳಿದಾಗ ಅಪ್ಪನೇ ಪಾಠ ಹೇಳಲು ಕೂತ. ಅದನ್ನು ಕಂಡು ಹಿರಿಯವಳು ತನಗೂ ಕೆಮ್ಮಿದೆ ಎಂದು ವಾದಿಸಿ ಗೆದ್ದಳು. ಕೆಮ್ಮು ಹೋಯಿತು, ಪಾಠ ಉಳಿಯಿತು. ಶಿಕ್ಷಣ ಕಚೇರಿಯವರು ವರ್ಷಕ್ಕೊಮ್ಮೆ ವರದಿ ನೋಡಿ, ಸರಿಯೆನಿಸಿದರೆ ಮುಂದಿನ ವರ್ಷಕ್ಕೆ ಅನುಮತಿ ಕೊಡುತ್ತಿದ್ದರು.

ಹಿರಿಯವಳಿಗೆ ಹನ್ನೆರಡು. ಯಾವ ಮಾತಿಗೂ ಒಂದು ಎದುರುಮಾತು ಮಡಚಿಟ್ಟುಕೊಂಡಿರುತ್ತಿದ್ದರಿಂದ ಬೀದಿಯವರೆಲ್ಲ ಅವಳನ್ನು ವಕೀಲಮ್ಮ ಎನ್ನುತ್ತಿದ್ದರು. ಕಿರಿಯವಳಿಗೆ ಒಂಬತ್ತು, ಕರೆಯುವುದು ಗುಬ್ಬಿ ಎಂದು. ಯಾರ ದನಿಯನ್ನು ಒಮ್ಮೆ ಕೇಳಿದರೂ ಮರುಗಳಿಗೆಗೆ ಅದೇ ದನಿಯಲ್ಲಿ ಮಾತಾಡುವ ವಿದ್ಯೆ ಅವಳಿಗೆ ಯಾರೂ ಕಲಿಸದೆ ಬಂದಿತ್ತು. ಅವರಮ್ಮ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಆ ಮನೆಯಲ್ಲಿ ಯಾವುದನ್ನಾದರೂ ಓದಿ ನೋಡುವ ಚಟವಿದ್ದದ್ದು ಅವಳೊಬ್ಬಳಿಗೇ. ಬಾಗಿಲ ಬಳಿಯ ಕುರ್ಚಿಯಲ್ಲಿ ಅಜ್ಜಿ, ಅಂದರೆ ಬೈಂಡರನ ತಾಯಿ. ನಲವತ್ನಾಲ್ಕು ತುಂಬಿದ ಮಗನನ್ನು ಆಕೆ ಇವತ್ತಿಗೂ ಪುಟ್ಟು ಎಂದೇ ಕರೆಯುತ್ತಿದ್ದಳು.

ಪಾಠ ನಡೆಯುತ್ತಿದ್ದದ್ದು ಬೈಂಡಿಂಗ್ ಮೇಜಿನ ಸುತ್ತಲೇ. ದೊಡ್ಡ ಹಾಳೆಯನ್ನು ಎರಡು, ನಾಲ್ಕು, ಎಂಟು, ಹದಿನಾರಾಗಿ ಮಡಚುತ್ತಲೇ ಹುಡುಗಿಯರು ಭಿನ್ನರಾಶಿ ಕಲಿತರು. ರಟ್ಟು ಕತ್ತರಿಸುತ್ತ ಕೋನ ಕಲಿತರು. ಅಂಟು ಕಾಯಿಸುತ್ತ ತಾಳ್ಮೆ ಕಲಿತರು. ಅಪ್ಪ ಮಾತ್ರ ಅದನ್ನು ಪ್ರತಿ ಸಲವೂ ಸೀಯಿಸುತ್ತಿದ್ದ. ಎದುರು ಮನೆಯ ನಿವೃತ್ತ ಹೆಡ್‌ಮಾಸ್ಟರರಿಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. ಬೆಂಚೇ ಇಲ್ಲದ ಕಡೆ ವಿದ್ಯೆ ಬಂದು ಕೂರುವುದಾದರೂ ಎಲ್ಲಿ ಎಂಬುದು ಅವರ ಪ್ರಶ್ನೆ.

ಈ ಶಾಲೆಗೆ ಒಂದು ವಿಚಿತ್ರ ಪದ್ಧತಿಯಿತ್ತು. ಯಾವುದೋ ಪುಸ್ತಕದ ಬೆನ್ನಿಗೆ ಒತ್ತುಕೊಡಲು ತೆಗೆದುಕೊಂಡ ರದ್ದಿ ಕಾಗದದಲ್ಲಿ "ಕಲಿಸುವವನೇ ನಿಜವಾಗಿ ಕಲಿಯುವವನು, ಆದರೆ" ಎಂಬಷ್ಟು ಬೈಂಡರನ ಕಣ್ಣಿಗೆ ಬಿದ್ದಿತ್ತು. ಜೀವಮಾನದಲ್ಲಿ ಅವನು ಓದಿದ ಒಂದೇ ವಾಕ್ಯ, ಅದೂ ಅರ್ಧ; ಉಳಿದರ್ಧ ಕತ್ತರಿಸುವ ಯಂತ್ರದ ಕೆಳಗೆ ಹೋಗಿತ್ತು. ಅಂದಿನಿಂದ ಶುಕ್ರವಾರಗಳಂದು ಹುಡುಗಿಯರು ಮೇಷ್ಟ್ರು, ಅಪ್ಪ ವಿದ್ಯಾರ್ಥಿ. ಮೇಷ್ಟ್ರಾದವರು ವಿದ್ಯಾರ್ಥಿಯ ಬಗ್ಗೆ ಬರೆದಿಡಬೇಕೆಂಬ ನಿಯಮವನ್ನೂ ಅವನೇ ಮಾಡಿದ. ವಕೀಲಮ್ಮ ನಿಯಮ ಮುರಿಯುವವಳಲ್ಲ. ವರ್ಷವಿಡೀ ಬರೆದಳು. ಹಾಜರಿ ಪಟ್ಟಿಯಲ್ಲಿ ಅಪ್ಪ ಎಂದು ಬರೆದರೆ ಶಿಸ್ತು ಉಳಿಯುವುದಿಲ್ಲವೆಂದು ಅಜ್ಜಿಯ ಬಾಯಿಂದ ಹೆಸರನ್ನು ಎತ್ತಿಕೊಂಡಳು: ಪುಟ್ಟು.

ವರ್ಷ ಮುಗಿಯಿತು. ಕೊನೆಯ ವಾರ ಮನೆಯ ನೆಲವೆಲ್ಲ ಕಾಗದ. ಬರೆದದ್ದು, ಗೀಚಿದ್ದು, ಗುಬ್ಬಿ ಅರ್ಧ ಬಿಡಿಸಿ ಬಿಟ್ಟ ಒಂಟೆ, ಎಲ್ಲವನ್ನೂ ಇಡುವುದು, ಎಸೆಯುವುದು, ಅಜ್ಜಿಗೆ ತೋರಿಸಿ ಎಸೆಯುವುದು ಎಂದು ಮೂರು ರಾಶಿ ಮಾಡಿದರು. ಗೋಡೆಯಿಂದ ಹಳೆಯ ಯೋಜನಾಪಟ್ಟಿಯನ್ನು ಇಳಿಸುವಾಗ ಬೈಂಡರ್ ಮಾತ್ರ ಆ ಕಡೆ ನೋಡಲಿಲ್ಲ. ವರ್ಷದ ಮೊದಲ ದಿನ ಅವನು ಏಳು ಬಣ್ಣದಲ್ಲಿ ಬರೆದ ಇನ್ನೂರ ಹನ್ನೆರಡು ಕಾರ್ಯಕ್ರಮಗಳಲ್ಲಿ ಒಂಬತ್ತು ನಡೆದಿದ್ದವು. ಅವುಗಳಲ್ಲಿ ಒಂದು ಸೂರ್ಯೋದಯ ವೀಕ್ಷಣೆ. ಆ ದಿನ ಮೋಡವಿತ್ತು.

ಇದರಿಂದ ಕುಗ್ಗುವ ಆಸಾಮಿಯಲ್ಲ ಅವನು. ಮುಂದಿನ ವರ್ಷಕ್ಕೆ ಮುನ್ನೂರು ಕಾರ್ಯಕ್ರಮ ಬರೆದ. ಐದು ಗಂಟೆಗೆ ಏಳುವುದು, ಮಹಡಿಯ ಮೇಲೆ ಖಗೋಳ, ಮನೆಯಲ್ಲಿಲ್ಲದ ವಾದ್ಯದಲ್ಲಿ ಸಂಗೀತ, ನಾಲ್ಕು ಹೊಸ ಭಾಷೆ. ಕಲಿಸುವವರು ಯಾರು ಎಂಬ ಕಡೆ ಎಲ್ಲದರ ಮುಂದೆಯೂ "ನಾನೇ" ಎಂದು ಬರೆದ. ಇಷ್ಟೆಲ್ಲವನ್ನೂ ಸೇರಿಸಿ ವರದಿಗೆ ರಟ್ಟು ಹಾಕಲು ಕೂತ. ಕಚೇರಿಯವರು ಕೇಳಿದ್ದು ಎರಡು ಹಾಳೆಯ ಒಂದು ನಮೂನೆ. ಇವನು ಕಟ್ಟಿದ್ದು ತೊಂಬತ್ತಾರು ಪುಟದ, ದಾರದ ಹೊಲಿಗೆಯ, ಚರ್ಮದ ಬೆನ್ನಿನ, ಬಂಗಾರದ ಅಕ್ಷರದ ಗ್ರಂಥ. ಮೊದಲ ಭಾಗ ವಕೀಲಮ್ಮನ ವರ್ಷ, ಎರಡನೆಯ ಭಾಗ ಗುಬ್ಬಿಯ ವರ್ಷ, ಮೂರನೆಯ ಭಾಗ ಅವನ ಮಹಾಯೋಜನೆ.

ಹಾಗೆಂದು ಅವನು ತಿಳಿದಿದ್ದ.

ಅಪ್ಪ ಕಟ್ಟುವ ಮೊದಲು ಒಂದು ಅಕ್ಷರವನ್ನೂ ನೋಡುವುದಿಲ್ಲ ಎಂದು ವಕೀಲಮ್ಮ, ತನ್ನ ಮಕ್ಕಳದ್ದನ್ನಾದರೂ ನೋಡಿಯೇ ನೋಡುತ್ತಾನೆ ಎಂದು ಗುಬ್ಬಿ, ಅಕ್ಕತಂಗಿಯರಲ್ಲಿ ವಾದ ಬಿತ್ತು. ಪರೀಕ್ಷಿಸಿ ನೋಡಲು ವಕೀಲಮ್ಮ ಶುಕ್ರವಾರದ ವರದಿಯನ್ನು ಎಂಟು ಪುಟಕ್ಕೆ ಚೊಕ್ಕಟವಾಗಿ ನಕಲಿಸಿ, "ಭಾಗ ಮೂರು" ಎಂದು ತಲೆಬರಹ ಕೊಟ್ಟು, ಮುಂದಿನ ಪುಟಗಳ ಸಂಖ್ಯೆಗಳನ್ನೆಲ್ಲ ತಿದ್ದಿ, ಅಪ್ಪನ ಯೋಜನೆಯನ್ನು ಭಾಗ ನಾಲ್ಕಕ್ಕೆ ತಳ್ಳಿ, ಹಾಳೆಗಳ ನಡುವೆ ತುರುಕಿದಳು. ಪುಸ್ತಕ ಒಣಗಿದ ಮೇಲೆ ಸಂಜೆ ಎಲ್ಲರೆದುರು ತೆರೆದು ತೋರಿಸಿ ಅಪ್ಪನ ಮುಖ ನೋಡುವುದು ಎಂಬುದು ಹಂಚಿಕೆ. ಬೈಂಡರ್ ಬೆರಳಿಗೆ ಉಗುಳು ಹಚ್ಚಿ ಎಣಿಸಿದ. ಅರುವತ್ತು, ಅರುವತ್ತೊಂದು, ಅರುವತ್ತೆರಡು. ಸರಿಯಾಗಿತ್ತು. ಹೊಲಿದ.

ಹಂಚಿಕೆ ಕೆಟ್ಟದ್ದು ಅವನ ಉತ್ಸಾಹದಿಂದ. ಅಂಟು ಆರುವ ಪುರುಸೊತ್ತು ಕೊಡದೆ ಗ್ರಂಥವನ್ನು ಮಗುವಿನಂತೆ ಎದೆಗೆ ಅವಚಿಕೊಂಡು ಅವನೇ ಕಚೇರಿಗೆ ಹೋಗಿ ಕೊಟ್ಟು ಬಂದ. ಹಿಂದೆ ಓಡಿದ ವಕೀಲಮ್ಮನಿಗೆ ಸಿಕ್ಕಿದ್ದು ಬೀದಿಯ ತಿರುವಿನಲ್ಲಿ ಅವನ ಬೆನ್ನು. ಅದರ ಮೇಲೆ ಅಂಟಿಕೊಂಡಿದ್ದ ಒಂದು ಕಾಗದದ ಚೂರು.

ಹತ್ತು ದಿನದ ಮೇಲೆ ಪತ್ರ ಬಂತು. ಬೈಂಡರ್ ಅದನ್ನು ಮನೆಮಂದಿಗೆಲ್ಲ ಗಟ್ಟಿಯಾಗಿ ಓದಿದ. ನಾಲ್ಕೇ ಸಾಲು. ತಮ್ಮ ವರದಿಯ ಮೂರನೆಯ ಭಾಗ ಈ ಕಚೇರಿಯ ವಿಶೇಷ ಗಮನ ಸೆಳೆದಿದೆ. ಆ ಬಗ್ಗೆ ಮೇಲ್ವಿಚಾರಕರು ಬರುವ ಗುರುವಾರ ಮಧ್ಯಾಹ್ನ ಮೂರಕ್ಕೆ ಖುದ್ದಾಗಿ ಮನೆಗೆ ಬಂದು ವಿಚಾರಿಸುತ್ತಾರೆ. ಮುಂದಿನ ವರ್ಷದ ಅನುಮತಿಯನ್ನು ಅಲ್ಲಿಯವರೆಗೆ ತಡೆಹಿಡಿಯಲಾಗಿದೆ. ಮನೆಯವರೆಲ್ಲರೂ ಹಾಜರಿರತಕ್ಕದ್ದು.

ವಕೀಲಮ್ಮನ ಮುಖ ಬಿಳಿಚಿತು. ಗುಬ್ಬಿ ಒಂಟೆಯ ಚಿತ್ರವನ್ನು ತುಂಬ ಆಸಕ್ತಿಯಿಂದ ನೋಡತೊಡಗಿದಳು. ಬೈಂಡರ್ ಮಾತ್ರ ಪತ್ರವನ್ನು ಮಡಚಿ, ಮಡಿಕೆಯ ಮೇಲೆ ಉಗುರು ಎಳೆದು, ಜೇಬಿಗಿಟ್ಟು, ಎದೆಯನ್ನು ಎರಡಂಗುಲ ಮುಂದೆ ಮಾಡಿದ. ವಿಶೇಷ ಗಮನ. ಖುದ್ದಾಗಿ. ಇಷ್ಟು ವರ್ಷ ಯಾರ ಯೋಜನೆಯನ್ನಾದರೂ ನೋಡಲು ಕಚೇರಿಯೇ ಎದ್ದು ಬಂದದ್ದುಂಟೆ? ಅನುಮತಿ ತಡೆಹಿಡಿದ ಮಾತು ಅವನಿಗೆ ಕೇಳಿಸಲಿಲ್ಲವೆಂದಲ್ಲ. ಬರೀ ಅನುಮತಿ ಸಾಲದೆಂದು ಜೊತೆಗೆ ಪ್ರಶಸ್ತಿಪತ್ರವನ್ನೂ ತರುತ್ತಿರಬೇಕು, ಅದಕ್ಕೇ ತಡ ಎಂದು ಅವನ ವ್ಯಾಖ್ಯಾನ.

"ಅಪ್ಪ, ಮೂರನೇ ಭಾಗದಲ್ಲಿ ಏನಿದೆ ಅಂತ ಒಂದ್ಸಲ ನೋಡಿದ್ಯಾ?" ಎಂದಳು ವಕೀಲಮ್ಮ.

"ನೋಡೋದೇನು, ಅಕ್ಷರ ಅಕ್ಷರ ಓದಿದೀನಿ," ಎಂದ ಬೈಂಡರ್.

ಮರುದಿನ ಅಂಟು ಕಾಯುವ ಹೊತ್ತಿನಲ್ಲಿ ಮತ್ತೆ ಕೇಳಿದಳು. ಅಕ್ಷರ ಅಕ್ಷರ, ಜೊತೆಗೆ ಕೊಂಬು ದೀರ್ಘಗಳನ್ನೂ ಓದಿದ್ದೇನೆ ಎಂದ. ಮೂರನೆಯ ಸಲ ಬಾಯಿಬಿಟ್ಟೇ ಹೇಳಲು ಹೊರಟರೆ, ಸಾಹಸವನ್ನು ಕಂಡು ಹೆದರಬಾರದು, ನಾಲ್ಕು ಭಾಷೆ ಕಷ್ಟವಾದರೆ ಮೂರು ಮಾಡೋಣ ಎಂದು ಸಮಾಧಾನ ಹೇಳಿ ತಲೆ ಸವರಿ ಕಳಿಸಿದ. ತಲೆಗೂದಲಿಗೆ ಅಂಟಾಯಿತು. ಮೂರು ನೋಟಿಸು ಜಾರಿಯಾಗಿದೆ, ಇನ್ನು ಕಾನೂನಿನ ಪ್ರಕಾರ ತನ್ನ ಜವಾಬ್ದಾರಿ ಇಲ್ಲ ಎಂದು ವಕೀಲಮ್ಮ ತಂಗಿಗೆ ಹೇಳಿದಳು. ಆದರೂ ಅವಳಿಗೆ ಅನ್ನ ಸೇರಲಿಲ್ಲ. ಅಮ್ಮನ ಬಳಿ ಹೋಗಿ ಎಲ್ಲವನ್ನೂ ಒಪ್ಪಿಕೊಂಡಳು.

ಅಮ್ಮ ನಗಲೂ ಇಲ್ಲ, ಬೈಯಲೂ ಇಲ್ಲ. ಅನುಮತಿ ಸಿಗದಿದ್ದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಹುಡುಗಿಯರು ಬೆಳಿಗ್ಗೆ ಎಂಟಕ್ಕೆ ಬಸ್ಸು ಹತ್ತುತ್ತಾರೆ. ಅವರಿಗೇನೂ ಆಗುವುದಿಲ್ಲ, ವಾರದಲ್ಲಿ ಹೊಂದಿಕೊಳ್ಳುತ್ತಾರೆ. ಆದರೆ ಈ ಮನುಷ್ಯ ಮೇಜಿನ ಮುಂದೆ ಒಬ್ಬನೇ ಕೂತು ಅಂಟಿನ ಪಾತ್ರೆಗೆ ಭಿನ್ನರಾಶಿ ಹೇಳಿಕೊಡುತ್ತಾನೆ. ಅವಳು ಕಚೇರಿಗೆ ಫೋನ್ ಮಾಡಿದಳು. ಮೇಲ್ವಿಚಾರಕರು ಪ್ರವಾಸದಲ್ಲಿದ್ದಾರೆ, ವಿವರಣೆ ಏನಿದ್ದರೂ ಲಿಖಿತವಾಗಿ ಮೂರು ಪ್ರತಿಯಲ್ಲಿ ಕೊಡತಕ್ಕದ್ದು, ಮೂರನ್ನೂ ಅವರು ಬಂದ ಮೇಲೆ ನೋಡುತ್ತಾರೆ, ಬರುವುದು ಗುರುವಾರ ನಿಮ್ಮ ಮನೆಗೇ ಎಂದ ಗುಮಾಸ್ತ. ಸರಿ, ಗುರುವಾರ ಎರಡೂವರೆಗೆ ರಜೆ ಹಾಕಿ ಬಂದು, ಬಾಗಿಲಲ್ಲೇ ಮೇಲ್ವಿಚಾರಕರನ್ನು ತಡೆದು ವಿಷಯ ತಿಳಿಸುವುದೆಂದು ಗೊತ್ತು ಮಾಡಿದಳು. ಗಂಡನಿಗೆ ಮಾತ್ರ ಹೇಳಲಿಲ್ಲ. ಅಕ್ಷರ ಅಕ್ಷರ ಓದಿದವರಿಗೆ ಹೇಳುವುದೇನು?

ಅಷ್ಟರಲ್ಲಿ ಸುದ್ದಿ ಬೀದಿಯಿಡೀ ಹಬ್ಬಿತ್ತು, ಹಬ್ಬಿಸಿದವನು ಬೈಂಡರನೇ. ಮೂಲೆಯ ಟೈಲರಿಗೆ ಮೇಲ್ವಿಚಾರಕರು ಬರುತ್ತಾರೆ ಎಂದಿದ್ದ. ಔಷಧಿ ಅಂಗಡಿಯವರನ್ನು ಮುಟ್ಟುವಾಗ ಅದು ನಿರ್ದೇಶಕರಾಗಿತ್ತು. ಹಾಲಿನವನಿಗೆ ತಲಪುವ ಹೊತ್ತಿಗೆ ಮಂತ್ರಿಗಳೂ ಬರಬಹುದು ಎಂದಾಗಿ, ಅವನು ಗುರುವಾರ ಮುಕ್ಕಾಲು ಲೀಟರು ಹೆಚ್ಚು ಹಾಕಲೇ ಎಂದು ಕೇಳಿದ. ಹೆಡ್‌ಮಾಸ್ಟರರನ್ನು ಬೈಂಡರ್ ವಿಶೇಷವಾಗಿ ಆಹ್ವಾನಿಸಿದ. ನೀವು ಬಂದು ಒಂದು ಕುರ್ಚಿಯಲ್ಲಿ ಕೂತರೆ ಸಾಕು, ನಿಮಗೂ ಮೂರನೆಯ ಭಾಗ ಕೇಳುವ ಭಾಗ್ಯವಾಗಲಿ ಎಂದ. ಇನ್ನು ಈ ಶಾಲೆ ಮುಚ್ಚುವುದನ್ನು ಕಣ್ಣಾರೆ ನೋಡುವ ಭಾಗ್ಯ ಎಂದುಕೊಂಡು ಹೆಡ್‌ಮಾಸ್ಟರರು ಇಸ್ತ್ರಿಯ ಕೋಟು ಹೊರಗೆ ತೆಗೆದರು.

ಗುರುವಾರ ಮೇಲ್ವಿಚಾರಕಿ ಬಂದದ್ದು ಎರಡು ಗಂಟೆಗೆ. ಹೇಳಿದ ಹೊತ್ತಿಗೆ ಹೋದರೆ ಮನೆಯವರು ಮಕ್ಕಳ ಮುಖ ತೊಳೆಸಿ ನಿಲ್ಲಿಸಿರುತ್ತಾರೆ ಎಂಬುದು ಆಕೆ ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಕಲಿತ ಪಾಠ. ದಪ್ಪ ಕನ್ನಡಕ, ಚಪ್ಪಟೆ ಚಪ್ಪಲಿ, ಒಂದು ಕೈಯಲ್ಲಿ ಬಂಗಾರದ ಅಕ್ಷರದ ಗ್ರಂಥ, ಇನ್ನೊಂದರಲ್ಲಿ ಬಟ್ಟೆಯ ಚೀಲ. ಬಾಗಿಲಲ್ಲಿ ಅಜ್ಜಿ ಕೂತಿದ್ದಳು. ಹಿಂದಿನ ಪರದೆಯ ಮರೆಯಲ್ಲಿ ಗುಬ್ಬಿ ಇದ್ದಳು. ಮುಂದಿನ ಮಾತುಕತೆ ನಮಗೆ ಸಿಕ್ಕಿರುವುದು ಗುಬ್ಬಿಯ ದಯೆಯಿಂದ. ಅವಳು ಇದನ್ನು ಎರಡು ದನಿಯಲ್ಲಿ, ಕೆಮ್ಮಿನ ಸಮೇತ, ಆಮೇಲೆ ಆರು ಮನೆಗಳಲ್ಲಿ ಅಭಿನಯಿಸಿದಳು.

ಮೇಲ್ವಿಚಾರಕಿ ನೇರವಾಗಿ ವಿಷಯಕ್ಕೆ ಬಂದರು. "ಅಜ್ಜಿ, ಈ ಮನೇಲಿ ಪುಟ್ಟು ಅಂತ ಒಬ್ಬ ಇದಾನಾ?"

"ಇಲ್ದೆ ಎಲ್ಲಿಗೆ ಹೋಗ್ತಾನಮ್ಮ," ಎಂದಳು ಅಜ್ಜಿ. "ಹೊರಗೆ ಕಳಿಸೋದೇ ಕಷ್ಟ. ಯಾವಾಗ ನೋಡಿದ್ರೂ ಆ ಅಂಟು, ಆ ರಟ್ಟು."

"ಕೆಲಸ ಮಾಡಿಸ್ತಾರಾ ಅವನ ಕೈಲಿ?"

"ಬೆಳಗಿಂದ ಸಂಜೆವರೆಗೂ. ಪಾಪ, ಬೆರಳೆಲ್ಲ ಒಡೆದಿದೆ ನೋಡಿ."

ಮೇಲ್ವಿಚಾರಕಿಯ ಮೂಗಿನ ಮೇಲೆ ಕನ್ನಡಕ ಒಂದು ಅಂಗುಲ ಇಳಿಯಿತು. ಅನುಮತಿ ಇರುವುದು ಇಬ್ಬರು ಹುಡುಗಿಯರಿಗೆ ಮಾತ್ರ. ಮೂರನೆಯವನೊಬ್ಬನಿದ್ದಾನೆ, ಲೆಕ್ಕಕ್ಕಿಲ್ಲ, ಅವನಿಂದ ದುಡಿಸಿಕೊಳ್ಳುತ್ತಿದ್ದಾರೆ. ಊಟ ಸರಿಯಾಗಿ ಹಾಕುತ್ತಾರೆಯೇ ಎಂದು ವಿಚಾರಿಸಿದರು. ಎಷ್ಟು ಹಾಕಿದರೂ ಇನ್ನೂ ಬೇಕು ಅನ್ನುತ್ತಾನೆ, ಸೊಸೆ ಸಾಕು ಏಳಿ ಅನ್ನುತ್ತಾಳೆ ಎಂದಳು ಅಜ್ಜಿ. ಬಟ್ಟೆ? ಒಂದೇ ಶರ್ಟು, ಅದನ್ನೇ ತಿರುಗಿಸಿ ಮುರುಗಿಸಿ ಹಾಕುತ್ತಾನೆ. ಶಾಲೆಗೆ ಯಾವತ್ತಾದರೂ ಹೋಗಿದ್ದನೇ? ಹೋಗಿದ್ದ, ಲೆಕ್ಕದ ಮೇಷ್ಟ್ರಿಗೆ ಹೆದರಿ ಕಿಟಕಿಯಿಂದ ಇಳಿದು ಬರುತ್ತಿದ್ದ. ಈಗ ಎಲ್ಲಿದ್ದಾನೆ? ಒಳಗೆ ಮಲಗಿದ್ದಾನೆ, ಊಟವಾದ ಮೇಲೆ ಎಬ್ಬಿಸಿದರೆ ಮುಖ ಊದಿಸಿಕೊಳ್ಳುತ್ತಾನೆ.

ಇವುಗಳಲ್ಲಿ ಒಂದು ಮಾತೂ ಸುಳ್ಳಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು. ಅಜ್ಜಿಗೆ ವಿಷಯ ಗೊತ್ತಿತ್ತೋ ಇಲ್ಲವೋ ಎಂಬುದು ಮಾತ್ರ ಇವತ್ತಿಗೂ ತೀರ್ಮಾನವಾಗಿಲ್ಲ. ಕೇಳಿದರೆ ಆಕೆ ಕನ್ನಡಕ ಒರೆಸಿಕೊಳ್ಳುತ್ತಾಳೆ.

ಇಷ್ಟು ಹೊತ್ತಿಗೆ ಹೆಡ್‌ಮಾಸ್ಟರರು ಕೋಟು ಹಾಕಿಕೊಂಡು ಬಂದಾಗಿತ್ತು. ಅವರ ಹಿಂದೆ ಟೈಲರು, ಅಳತೆಯ ಟೇಪು ಕೊರಳಲ್ಲಿರುವಂತೆಯೇ. ಮಂತ್ರಿಗಳು ಎಲ್ಲಿ ಎಂದು ಹುಡುಕುತ್ತ ಹಾಲಿನವನು. ಪರದೆಯ ಮರೆಯಲ್ಲಿ ಅಕ್ಕನೂ ಬಂದು ತಂಗಿಯ ಕೈ ಹಿಡಿದುಕೊಂಡಳು. ಎರಡೂವರೆಗೆ ಬರಬೇಕಾದ ಅಮ್ಮ ಇನ್ನೂ ಬಸ್ಸಿನಲ್ಲಿದ್ದಳು.

ಮೇಲ್ವಿಚಾರಕಿ ಚೀಲದಿಂದ ಎರಡು ವಸ್ತುಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಒಂದು ಬಣ್ಣದ ಪೆನ್ಸಿಲ್ಲಿನ ಡಬ್ಬಿ. ಇನ್ನೊಂದು, ಎಂಟು ಒಂಬತ್ತು ವರ್ಷದ ಹುಡುಗನಿಗೆ ಆಗುವಂಥ ನೀಲಿ ಗೆರೆಯ ಹೊಸ ಶರ್ಟು. "ಅವನನ್ನ ಕರೀರಿ. ಹೆದರಿಸಬೇಡಿ, ಮೆಲ್ಲಗೆ ಎಬ್ಬಿಸಿ," ಎಂದರು. ಅವರ ದನಿ ಮೆತ್ತಗಾಗಿತ್ತು.

ಅಜ್ಜಿ ಕುರ್ಚಿಯಿಂದಲೇ ಕೂಗಿದಳು. "ಪುಟ್ಟೂ, ಏಳೋ. ಟೀಚರ್ ಬಂದಿದಾರೆ, ನಿಂಗೆ ಶರ್ಟ್ ತಂದಿದಾರೆ."

ಒಳಗೆ ಏನೋ ಬಿದ್ದ ಸದ್ದು. ಯಾರೋ ಚಪ್ಪಲಿ ಹುಡುಕಿದ ಸದ್ದು. ಪರದೆ ಸರಿಯಿತು. ಐದು ಅಡಿ ಹತ್ತು ಅಂಗುಲದ, ಹೊಟ್ಟೆಯುಳ್ಳ, ಮೀಸೆಯುಳ್ಳ, ಕೆನ್ನೆಯ ಮೇಲೆ ಚಾಪೆಯ ಗುರುತುಳ್ಳ ಪುಟ್ಟು ಕಣ್ಣುಜ್ಜಿಕೊಳ್ಳುತ್ತ ಬಂದು ನಿಂತ. ಕಿವಿಯ ಬಳಿ ಚರ್ಮದ ಒಂದು ತುಣುಕು ಅಂಟಿಕೊಂಡಿತ್ತು.

ಮೇಲ್ವಿಚಾರಕಿ ಅವನನ್ನು ನೋಡಿದರು. ಶರ್ಟನ್ನು ನೋಡಿದರು. ಮತ್ತೆ ಅವನನ್ನು ನೋಡಿದರು. ಟೈಲರು ಅಭ್ಯಾಸಬಲದಿಂದ ಕಣ್ಣಲ್ಲೇ ಎದೆಯಳತೆ ತೆಗೆದು ತಲೆಯಾಡಿಸಿದ.

ಬೈಂಡರನಿಗೆ ಇವು ಯಾವುವೂ ಕಾಣಿಸಲಿಲ್ಲ. ಅವನಿಗೆ ಕಂಡದ್ದು ತನ್ನ ಗ್ರಂಥ, ಕಚೇರಿ, ತುಂಬಿದ ಸಭೆ. ಬೇಗ ಬಂದಿರಿ, ಬಹಳ ಸಂತೋಷ ಎಂದು ಕೈಮುಗಿದು, ಮೂರನೆಯ ಭಾಗ ತಮಗೆ ಹಿಡಿಸಿದ್ದು ತನ್ನ ಭಾಗ್ಯ, ಅದಕ್ಕಾಗಿ ಎಷ್ಟೋ ದಿನ ತಲೆ ಕೆಡಿಸಿಕೊಂಡೆ ಎಂದು ಆರಂಭಿಸಿದ. ಮೇಲ್ವಿಚಾರಕಿ ಅವನನ್ನೇ ನಿಧಾನವಾಗಿ ನೋಡಿ, ಅದನ್ನು ಬರೆದವರು ನೀವೇ ಏನು ಎಂದರು. ನಾನೇ. ಓದಿದ್ದೀರಾ? ಅಕ್ಷರ ಅಕ್ಷರ.

"ಹಾಗಾದ್ರೆ ಎಲ್ಲರಿಗೂ ಕೇಳೋ ಹಾಗೆ ಓದಿ," ಎಂದು ಅವರು ಗ್ರಂಥವನ್ನು ಅರುವತ್ತೊಂದನೆಯ ಪುಟಕ್ಕೆ ತೆರೆದು ಅವನ ಕೈಗಿತ್ತರು.

ಬೈಂಡರ್ ಗಂಟಲು ಸರಿಮಾಡಿಕೊಂಡ. ಸಭೆಯನ್ನು ಒಮ್ಮೆ ನೋಡಿದ. ತೆರೆದ ಪುಟದ ಹೊಲಿಗೆಯನ್ನು ಬೆರಳಿನಿಂದ ಒತ್ತಿ, ಗಟ್ಟಿಯಾಗಿದೆ ಎಂದು ಖಾತ್ರಿ ಮಾಡಿಕೊಂಡು, ರಾಗವಾಗಿ ಓದಿದ.

"ಭಾಗ ಮೂರು. ವಿದ್ಯಾರ್ಥಿಯ ಹೆಸರು, ಪುಟ್ಟು. ವಯಸ್ಸು, ಕೇಳಿದರೆ ನಾಚಿಕೊಳ್ಳುತ್ತಾನೆ."

ಇಲ್ಲಿ ಒಂದು ಸಲ ನಿಂತ. ಪುಟಸಂಖ್ಯೆ ನೋಡಿದ. ಅದು ಸರಿಯಾಗಿಯೇ ಇತ್ತು. ಬೇರೆ ದಾರಿಯಿರಲಿಲ್ಲ, ಮುಂದಕ್ಕೆ ಓದಿದ. ರಾಗ ಮಾತ್ರ ಸಾಲಿಗೆ ಒಂದು ಸ್ವರದಂತೆ ಇಳಿಯುತ್ತ ಹೋಯಿತು.

"ಹಾಜರಿ: ಮನೆಯಲ್ಲೇ ಇದ್ದರೂ ತಡವಾಗಿ ಬರುತ್ತಾನೆ. ಮೂಲೆಯಲ್ಲಿ ನಿಲ್ಲಿಸಿದರೆ ಅಲ್ಲೇ ನಿಂತು ನಿದ್ದೆ ಮಾಡುತ್ತಾನೆ. ಲೆಕ್ಕ: ಗುಬ್ಬಿಯ ಪುಸ್ತಕ ನೋಡಿ ಬರೆಯುತ್ತಾನೆ, ಗುಬ್ಬಿಯದು ತಪ್ಪಿದ್ದರೂ. ಭಾಗಾಕಾರ ಬಂದ ಕೂಡಲೇ ಹೊರಗೆ ಹೋಗಿ ಬರ್ಲಾ ಎನ್ನುತ್ತಾನೆ. ಹೋದವನು ಪಾಠ ಮುಗಿದ ಮೇಲೆ ಬರುತ್ತಾನೆ. ಓದು: ಕೊಟ್ಟ ಪುಸ್ತಕದ ಪುಟ ಎಣಿಸಿ, ಬೆನ್ನು ತಟ್ಟಿ, ಚೆನ್ನಾಗಿದೆ ಎಂದು ವಾಪಸು ಕೊಡುತ್ತಾನೆ."

ಹಾಲಿನವನು ಕೆಮ್ಮಿದ. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಹೆ‌ಡ್‌ಮಾಸ್ಟರರು ಕೋಟಿನ ತೋಳಿನಿಂದ ಬಾಯಿ ಮುಚ್ಚಿಕೊಂಡರು. ಅಷ್ಟರಲ್ಲಿ ಏದುಸಿರು ಬಿಡುತ್ತ ಬಂದ ಹೆಂಡತಿ ಹೊಸಿಲಲ್ಲೇ ನಿಂತಳು. ಬೈಂಡರನ ಕಿವಿ ಕೆಂಪಾಗಿ, ಚರ್ಮದ ತುಣುಕಿನ ಬಣ್ಣವೂ ಕಿವಿಯ ಬಣ್ಣವೂ ಒಂದಾದವು. ಆದರೂ ಎಂಟು ಪುಟ ಮುಗಿಯುವವರೆಗೆ ಬಿಡುವಂತಿರಲಿಲ್ಲ. ಕೊನೆಯ ಸಾಲುಗಳನ್ನು ಅವನು ಮೆಲ್ಲಗೆ ಓದಿದ.

"ಗುಣ: ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುತ್ತಾನೆ. ಸಿಕ್ಕಿಬಿದ್ದಾಗ ಮಾತ್ರ ನಗುತ್ತಾನೆ. ಆ ನಗು ಕೇಳಬೇಕೆಂದೇ ನಾವು ಇವನನ್ನು ಸಿಕ್ಕಿಸಿ ಹಾಕುತ್ತಿರುತ್ತೇವೆ. ಮುಂದಿನ ವರ್ಷಕ್ಕೆ ಶಿಫಾರಸು: ಇದೇ ತರಗತಿಯಲ್ಲಿ ಇನ್ನೊಂದು ವರ್ಷ ಉಳಿಸಿಕೊಳ್ಳಬೇಕು. ನಾವು ಬೇರೆ ಶಾಲೆಗೆ ಹೋದರೆ ಇವನು ಒಬ್ಬನೇ ಕೂತು ಪುಟ ಎಣಿಸುತ್ತಿರುತ್ತಾನೆ."

ಒಲೆಯ ಮೇಲೆ ಅಂಟು ಸೀಯುವ ವಾಸನೆ ಬಂತು, ಯಾರೂ ಎದ್ದು ಹೋಗಲಿಲ್ಲ. ಬೈಂಡರ್ ತಲೆಯೆತ್ತಲಿಲ್ಲ. ಎಂಟು ಪುಟವನ್ನೂ ಹಿಂದಕ್ಕೆ ಮುಂದಕ್ಕೆ ತಿರುವಿದ. ಈ ಸಲ ಬೆರಳು ಪುಟಸಂಖ್ಯೆಯ ಕಡೆ ಹೋಗಲಿಲ್ಲ.

ಪರದೆಯ ಹಿಂದಿನಿಂದ ವಕೀಲಮ್ಮ ಹೊರಗೆ ಬಂದು ಮೇಲ್ವಿಚಾರಕಿಯ ಮುಂದೆ ನೆಟ್ಟಗೆ ನಿಂತಳು. ಬರೆದದ್ದು ತಾನು, ತುರುಕಿದ್ದೂ ತಾನು, ಅಪ್ಪನಿಗೆ ಮೂರು ನೋಟಿಸು ಕೊಟ್ಟದ್ದು ನಿಜ, ಆದರೂ ತಪ್ಪು ತನ್ನದೇ, ಅದಕ್ಕಾಗಿ ಶಾಲೆ ಮುಚ್ಚಬಾರದು ಎಂದಳು. ವಾದ ಇನ್ನೂ ಉದ್ದವಿತ್ತು. ಅರ್ಧದಲ್ಲಿ ಅದು ಅಳುವಾಯಿತು. ಎದುರುಮಾತಿಲ್ಲದ ವಕೀಲಮ್ಮನನ್ನು ಬೀದಿ ಕಂಡದ್ದು ಅದೇ ಮೊದಲು.

ಮೇಲ್ವಿಚಾರಕಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಇಪ್ಪತ್ತಾರು ವರ್ಷದಿಂದ ವರದಿ ಓದ್ತಾ ಇದೀನಮ್ಮ. ಎಲ್ಲಾ ಮಕ್ಕಳೂ ಚುರುಕು, ಎಲ್ಲಾ ಮಕ್ಕಳೂ ಉತ್ತಮ, ಎಲ್ಲಾ ಒಂದೇ ಅಚ್ಚು. ಒಬ್ಬ ವಿದ್ಯಾರ್ಥಿನ ಇಷ್ಟು ಸರಿಯಾಗಿ ನೋಡಿ ಬರೆದಿದ್ದು ಇದೊಂದೇ." ಬೈಂಡರನ ಮಹಾಯೋಜನೆಯನ್ನೂ ತಾವು ಓದಿದ್ದಾಗಿ ಹೇಳಿದರು. ಅದರಲ್ಲಿ ಮುನ್ನೂರು ಕಾರ್ಯಕ್ರಮಗಳಿದ್ದವು, ಮುನ್ನೂರೈದು ತಪ್ಪುಗಳಿದ್ದವು. ಆದ್ದರಿಂದ ಮುಂದಿನ ವರ್ಷದ ಯೋಜನೆಯನ್ನು ಹಿರಿಯ ಮೇಷ್ಟ್ರು, ಅಂದರೆ ವಕೀಲಮ್ಮ, ಹೊಸದಾಗಿ ಎರಡು ಹಾಳೆಯಲ್ಲಿ ಬರೆದು ಕಳಿಸತಕ್ಕದ್ದು, ರಟ್ಟು ಹಾಕಕೂಡದು. ಅವರು ನಮೂನೆ ತೆಗೆದು, ವಿದ್ಯಾರ್ಥಿಗಳ ಸಂಖ್ಯೆ ಎರಡು ಎಂದಿದ್ದ ಕಡೆ ಹೊಡೆದುಹಾಕಿ ಮೂರು ಎಂದು ಬರೆದು, ಅನುಮತಿಯ ಮುದ್ರೆ ಒತ್ತಿದರು.

ಹೆಡ್‌ಮಾಸ್ಟರರು ಕೋಟಿನ ಗುಂಡಿಯೊಂದನ್ನು ತಿರುಗಿಸುತ್ತ ನಿಂತಿದ್ದರು. "ಮೂವತ್ತೆಂಟು ವರ್ಷ ಪಾಠ ಮಾಡ್ದೆ ಕಣಯ್ಯಾ," ಎಂದರು ಬೈಂಡರನಿಗೆ, "ನಂಗೊಬ್ರೂ ಪ್ರಗತಿಪತ್ರ ಕೊಡ್ಲಿಲ್ಲ." ಶುಕ್ರವಾರ ಒಂದು ಸೀಟು ಖಾಲಿಯಿದೆ, ಬೆಂಚು ನೀವೇ ತರಬೇಕು ಎಂದಳು ಗುಬ್ಬಿ, ಅವರದೇ ದನಿಯಲ್ಲಿ.

ಬೈಂಡರ್ ಇನ್ನೂ ನಕ್ಕಿರಲಿಲ್ಲ. ಆ ಪುಟ್ಟ ಶರ್ಟನ್ನು ಕೈಗೆತ್ತಿಕೊಂಡು ಎದೆಗೆ ಹಿಡಿದು ನೋಡುತ್ತಿದ್ದ. ಅದು ಅವನ ಎರಡು ಗುಂಡಿಗಳ ನಡುವೆ ಮುಗಿಯುತ್ತಿತ್ತು. ಹುಡುಗಿಯರಿಬ್ಬರೂ ಉಸಿರು ಬಿಗಿಹಿಡಿದು ಅವನ ಮುಖವನ್ನೇ ನೋಡುತ್ತಿದ್ದರು. ಮುದ್ರೆ ಬಿದ್ದರೇನು, ಅವರ ಪಾಲಿಗೆ ಇನ್ನೂ ಒಂದು ಅನುಮತಿ ಬಾಕಿಯಿತ್ತು.

"ಹೊರಡೋ ಮುಂಚೆ ಒಂದು ಪರೀಕ್ಷೆ," ಎಂದು ಮೇಲ್ವಿಚಾರಕಿ ರಟ್ಟಿನ ತುಂಡೊಂದರ ಮೇಲೆ ಹೊಸ ಬಣ್ಣದ ಪೆನ್ಸಿಲ್ಲಿನಿಂದ ಬರೆದರು. ನಾಲ್ಕು ಸಾವಿರದ ಏಳುನೂರ ಮೂವತ್ತೆರಡು, ಭಾಗಿಸು ಹದಿನಾಲ್ಕು. "ಮೂರನೇ ವಿದ್ಯಾರ್ಥಿ ಮಾಡ್ಲಿ."

ಬೈಂಡರ್ ಲೆಕ್ಕವನ್ನು ನೋಡಿದ. ಕಣ್ಣಿನ ಮೂಲೆಯಿಂದ ಗುಬ್ಬಿಯನ್ನು ನೋಡಿದ. ಅವಳು ಮೇಜಿನ ಮೇಲಿದ್ದ ತನ್ನ ಲೆಕ್ಕದ ಪುಸ್ತಕವನ್ನು ಕೈಯಿಂದ ಮುಚ್ಚಿಕೊಂಡಳು. ಅವನು ಎರಡೂ ಕೈ ಕಟ್ಟಿ, ತಲೆ ತಗ್ಗಿಸಿ, ಮೀಸೆಯ ಅಡಿಯಿಂದ ಬಹಳ ಸಣ್ಣ ದನಿಯಲ್ಲಿ ಕೇಳಿದ. "ಮೇಡಂ, ಹೊರಗೆ ಹೋಗಿ ಬರ್ಲಾ?"

ಮೊದಲು ನಕ್ಕದ್ದು ಮೇಲ್ವಿಚಾರಕಿ. ಆಮೇಲೆ ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡು, ಹೆಡ್‌ಮಾಸ್ಟರರು ಕೋಟು ಬಿಚ್ಚಿ, ಟೈಲರು, ಹಾಲಿನವನು, ಅಜ್ಜಿ, ಅಳುತ್ತಲೇ ವಕೀಲಮ್ಮ. ಇವೆಲ್ಲದರ ಮೇಲೆ, ಎಲ್ಲೋ ಹೊಟ್ಟೆಯ ಅಡಿಪಾಯದಿಂದ ಎದ್ದು ಬಂತು ಬೈಂಡರನ ನಗು. ಆ ನಗುವಿಗೆ ಮೇಜಿನ ಮೇಲಿನ ಹಾಳೆಗಳು ಪಟಪಟ ಹಾರಿದವು, ಪುಟಸಂಖ್ಯೆಗಳೆಲ್ಲ ಕಲಸಿಹೋದವು, ಅವನು ಹೆಕ್ಕಲೂ ಇಲ್ಲ. ಬೀದಿಯಾಚೆ ಔಷಧಿ ಅಂಗಡಿಯವರು ಏನಾಯಿತೆಂದು ಹೊರಗೆ ಬಂದರು. ಜಗತ್ತಿನ ಯಾವ ದನಿಯನ್ನಾದರೂ ಎತ್ತಿ ತೋರಿಸಬಲ್ಲ ಗುಬ್ಬಿ ಆ ನಗುವನ್ನು ಎತ್ತಲು ಅಲ್ಲೇ ಮೂರು ಸಲ ಪ್ರಯತ್ನಿಸಿದಳು. ಅಷ್ಟು ದೊಡ್ಡದು ಅವಳ ಬಾಯಲ್ಲಿ ಹಿಡಿಸಲಿಲ್ಲ.